ಹೊಳೆಯಾಚೆಯ ‘ನಮ್ಮ’ ಹೊಲ

ಆಫ್ರಿಕಾದ ಲೆಸೊಥೊದಿಂದ ಬಂದಿದ್ದ ಕುರಿ ಡಾಕ್ಟರಮ್ಮನಿಗೆ ದುಭಾಷಿಯಾಗಿ ಆಂಧ್ರದ ಆದೋನಿ ಸೀಮೆಯ, ತುಂಗಭದ್ರೆಯ ದಡದ ಮಾಧವರಂಗೆ ಹೋಗಿದ್ದೆ. ಇಂಗ್ಲಿಷರ ಕಾಲದಲ್ಲಿ ತಮ್ಮ ನಾಡು ಕುಗ್ಗಿದ ಕಥೆಯನ್ನು ಅವರು ಹೇಳಿದರು. ನಾನು ಯಾವ ನಾಡು, ಯಾವ ಕಾಲ ಎನ್ನದೆ ಅವರ ಮಾತನ್ನೇ ಅಲ್ಲಿನ ಕುರಿಗಾಹಿ ಈರಣ್ಣನಿಗೆ ಒಪ್ಪಿಸಿದೆ:

“ಸರಕಾರದೋರು ಗೆರಿ ಎಳದ್ರು. ಹೊಳಿ ಆಚಿ ನಮ್ಮ ಹೊಲ ಎಲ್ಲಾ ಹೋದವು.”

ಈರಣ್ಣನ ಮುಖ ಬಿಳುಚಿತು. ಆತನ ಹೆಂಡತಿ, ಮಕ್ಕಳು, ಕುರಿಹಿಂಡು ಎಲ್ಲ ತುಂಗಭದ್ರೆಯ ಆಚೆ ದಡದಲ್ಲಿದ್ದರು. ಕೋಲೂರಿ ಹೊಳೆಯ ಕಡೆ ತಿರುಗಿದ.

“ಯಾವಾಗ್ರೀ? ನಮ್ಮೋರೆಲ್ಲಾ ಅಲ್ಲೇ ಅದಾರ. ನಮ್ಮ ಅಂದ್ರ ಯಾವ ನಮ್ಮ, ಸರ? ತೆಲುಗಿನಾಗ ಹೇಳ್ರಿ, ಮನ-ನೋ, ಮಾ-ನೋ?”

ತೆಲುಗಿನಲ್ಲಿ ‘ಮನ’ ಅಂದರೆ ಕೇಳುವವನೂ ಸೇರಿದ ನಮ್ಮ. ‘ಮಾ’ ಅಂದರೆ ಅವನನ್ನು ಬಿಟ್ಟ ನಮ್ಮ.

“ಮಾ” ಅಂದೆ. ಆತ ಉಸಿರು ಬಿಟ್ಟರೂ ಹೊಳೆಯಿಂದ ಕಣ್ಣು ತೆಗೆಯಲಿಲ್ಲ.

ಈರಣ್ಣನ ಆದೋನಿಯನ್ನು ಆಳಿದವರೂ ಅದೇ ಇಂಗ್ಲಿಷರು; ಆಗ ಈ ಹೊಳೆಯೇ ಅವರ ಗಡಿಯ ಗೆರೆಯಾಗಿತ್ತು. ‘ಮನ’ ಅಂದಿದ್ದರೂ ಪೂರಾ ಸುಳ್ಳಾಗುತ್ತಿರಲಿಲ್ಲ.