ಮೈನಸ್ ಇಪ್ಪತ್ತಮೂರು

ಆಗಸ್ಟ್ 3, ಭಾನುವಾರ. ಬರೆಯಲು ಕೂತಾಗ ಬೆಳಿಗ್ಗೆ 9.20.

ಈ ವಾರ ಮನೆ ಒರೆಸುವ ಸರದಿ ನನ್ನದು. ಮಾಪ್ ಹಿಂಡಿ ಎತ್ತುವಾಗ ಅದರ ಹಿಡಿಗೆ ಸುತ್ತಿದ್ದ ಕಪ್ಪು ಬಟ್ಟೆಯ ಟೇಪ್ ಬಿಚ್ಚಿಕೊಂಡು ಅಂಗೈಗೆ ಮೆತ್ತಿಕೊಂಡಿತು. ಅಂಟಿನ ವಾಸನೆ, ಅದರಡಿಯಲ್ಲಿ ಹಳೆಯ ಬೆವರಿನಂಥದ್ದೇನೋ. ಮೂರು ವರ್ಷದ ಹಿಂದೆ ಕೋಚ್ ಸುತ್ತಿಕೊಟ್ಟ ಟೇಪ್ ಅದು. ಐಸ್ ಹಾಕಿ ಆಟದ ಕೋಲಿಗೆ ಸುತ್ತುವ ಹಾಗೇ ಸುತ್ತಿದ್ದರು, ಕೈ ಜಾರದಂತೆ ತುದಿಯಲ್ಲೊಂದು ದಪ್ಪ ಗಂಟು ಬಿಟ್ಟು. ಕೈ ತೊಳೆದೆ. ವಾಸನೆ ಹೋಗಲಿಲ್ಲ. ಸಿಟ್ಟೂ ಹೋಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಸಿಂಗಾಪುರದ ಆಂಗ್ ಮೋ ಕಿಯೋದ ಈ ಫ್ಲ್ಯಾಟ್ ಉಡುಪಿಯ ಒಬ್ಬ ಆಂಟಿಯದು. ಎರಡು ಕೋಣೆ ಬಾಡಿಗೆಗೆ ಕೊಡುತ್ತಾರೆ. ಒಂದರಲ್ಲಿ ನಾನಿದ್ದೇನೆ, ಇನ್ನೊಂದರಲ್ಲಿ ಆಗ ಕೋಚ್ ಇದ್ದರು. ಬಾಲ್ಟಿಕ್ ಕಡಲ ದಡದ ಒಂದು ಪುಟ್ಟ ದೇಶದವರು. ಹದಿನೇಳು ವರ್ಷ ಪರದೇಶದ ತಂಡಗಳಲ್ಲಿ ಸಂಬಳಕ್ಕೆ ಐಸ್ ಹಾಕಿ ಆಡಿದ ಡಿಫೆನ್ಸ್ ಆಟಗಾರ. ಒಂಬತ್ತು ತಂಡ, ಆರು ದೇಶ. ಅವರು ಹೇಳಿದ್ದನ್ನೆಲ್ಲ ಡೈರಿಯಲ್ಲಿ ಬರೆದುಕೊಂಡಿದ್ದೇನೆ. ಮೊಣಕಾಲು ಸೋತ ಮೇಲೆ ಇಲ್ಲಿನ ಒಂದು ಹವ್ಯಾಸಿ ಕ್ಲಬ್ಬಿಗೆ ಕೋಚ್ ಆಗಿ, ಜೊತೆಗೆ ಆಟಗಾರನಾಗಿಯೂ ಬಂದಿದ್ದರು. ಪ್ರತಿ ವರ್ಷ ಕರಾರು ಹೊಸದಾಗಬೇಕು. ಕರಾರು ಇದ್ದರೆ ಮಾತ್ರ ಇಲ್ಲಿರಲು ಬೇಕಾದ ವರ್ಕ್ ಪಾಸ್.

ಒಮ್ಮೆ ಆಂಟಿ ಅವರನ್ನು ಕೇಳಿದರು, “ನಿಮ್ಮ ಊರು ನಮ್ಮ ಮಲ್ಪೆ ಹಾಗೇನಾ, ಬೀಚ್ ಎಲ್ಲ ಇದೆಯಾ?”

“ಇದೆ. ಫೆಬ್ರವರಿಯಲ್ಲಿ ಸಮುದ್ರ ಹೆಪ್ಪುಗಟ್ಟಿದಾಗ ಅದರ ಮೇಲೆ ನಡೆದುಕೊಂಡೂ ಹೋಗಬಹುದು.”

“ಸಮುದ್ರದ ಮೇಲಾ? ಸುಮ್ನೆ ರೀಲು ಬಿಡ್ತಾನೆ ನೋಡು ಇವ್ನು,” ಎಂದು ಆಂಟಿ ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದರು. ಕೋಚ್ ಗ್ಲೌಸ್, ಪ್ಯಾಡುಗಳನ್ನು ಕಾರಿಡಾರಿನಲ್ಲಿ ಒಣಗಹಾಕಿದ ದಿನ ತಮ್ಮ ಒಗ್ಗರಣೆಯ ಘಮವೇ ಸತ್ತುಹೋಗುತ್ತದೆ ಎಂದು ಬೈಯುತ್ತಿದ್ದವರೂ ಆಂಟಿಯೇ, ಮಳೆ ಹನಿದರೆ ಓಡಿಹೋಗಿ ಅವನ್ನು ಒಳಗೆ ತರುತ್ತಿದ್ದವರೂ ಅವರೇ.

ಕೋಚ್ ತಮ್ಮ ಸೂಟ್‌ಕೇಸನ್ನು ಯಾವಾಗಲೂ ಮಂಚದ ಪಕ್ಕದಲ್ಲೇ ಇಡುತ್ತಿದ್ದರು. ಹೊರದೇಶದ ಆಟಗಾರನಿಗೆ ಅದು ಅಭ್ಯಾಸವಾಗಿಬಿಡುತ್ತದೆ ಎನ್ನುತ್ತಿದ್ದರು. ತಂಡ ನಾಲ್ಕು ಪಂದ್ಯ ಸೋತರೆ ಮೊದಲು ಹೊರಗೆ ಹೋಗುವವನು ಅವನೇ. ಎರಡನೇ ವರ್ಷದ ಒಂದು ದಿನ ಆಂಟಿ, “ಇದನ್ನೊಂದು ಮೇಲಿಡು ಮಾರಾಯ, ಗುಡಿಸ್ಲಿಕ್ಕೆ ಅಡ್ಡ,” ಎಂದರು. ಕೋಚ್ ಅದನ್ನೆತ್ತಿ ಕಪಾಟಿನ ಮೇಲಿಟ್ಟರು. ಇಲ್ಲೇ ಇದ್ದುಬಿಡುತ್ತೇನೆ, ಮಕ್ಕಳಿಗೆ ಕಲಿಸುತ್ತೇನೆ ಎಂದು ಆ ದಿನ ಮೊದಲ ಸಲ ಹೇಳಿದರು. ಆ ತಾರೀಖು ನನ್ನ ಡೈರಿಯಲ್ಲಿದೆ. ಅದರ ಕೆಳಗೆ ಅಡಿಗೆರೆ ಎಳೆದಿದ್ದೇನೆ...

ನನ್ನನ್ನು ತಂಡಕ್ಕೆ ಸೇರಿಸಿದವರು ಕ್ಲಬ್ಬಿನ ಕಾರ್ಯದರ್ಶಿ. ಪಾಯಾ ಲೆಬಾರ್‌ನ ನನ್ನ ಆಫೀಸಿನಲ್ಲಿ ಸೀನಿಯರ್. ಬೆಂಗಳೂರಿನವರು, ಹೈಸ್ಕೂಲಿನಿಂದ ಕೆನಡಾದಲ್ಲಿ ಬೆಳೆದವರು, ಈ ಆಟವನ್ನು ಅಲ್ಲೇ ಕಲಿತವರು. ನನಗೆ ನೆಟ್ಟಗೆ ಸ್ಕೇಟಿಂಗೂ ಬರುತ್ತಿರಲಿಲ್ಲ. ಹೆಚ್ಚು ಹೊತ್ತು ಬೆಂಚಿನ ಮೇಲೇ ಇರುತ್ತಿದ್ದ ನಾನು ಬೇಸರ ಕಳೆಯಲು ಲೆಕ್ಕ ಬರೆಯತೊಡಗಿದೆ. ಕೋಚ್ ನನ್ನನ್ನು ಪ್ರೊಫೆಸರ್ ಎಂದು ಕರೆಯತೊಡಗಿದರು.

ಲೆಕ್ಕ ಸುಲಭದ್ದು. ಗೋಲ್‌ಕೀಪರ್ ಬಿಟ್ಟರೆ ಒಂದು ತಂಡದ ಐದು ಜನ ಐಸ್ ಮೇಲಿರುತ್ತಾರೆ, ನಿಮಿಷಕ್ಕೊಮ್ಮೆ ಬದಲಾಗುತ್ತಾರೆ. ನಾವು ಗೋಲು ಹೊಡೆದರೆ ಆಗ ಅಂಗಳದಲ್ಲಿದ್ದವರಿಗೆಲ್ಲ ತಲಾ ಒಂದು ಪ್ಲಸ್. ನಮಗೆ ಗೋಲು ಬಿದ್ದರೆ ತಲಾ ಒಂದು ಮೈನಸ್. ಆ ವರ್ಷದ ಹದಿನಾಲ್ಕು ಪಂದ್ಯಗಳಲ್ಲಿ ಒಂದು ಗೋಲನ್ನೂ ಬಿಡದೆ ಬರೆದೆ. ಕೊನೆಗೆ ಎಲ್ಲವನ್ನೂ ಒಂದೇ ಹಾಳೆಗೆ ಇಳಿಸಿ, ಸ್ಕೇಲ್ ಇಟ್ಟು ಗೆರೆ ಎಳೆದು, ಫೋಟೋ ತೆಗೆದು ತಂಡದ ಗ್ರೂಪಿಗೆ ಹಾಕಿದೆ. ಕೋಚ್ ಅಂಗಳದಲ್ಲಿದ್ದಾಗ ನಾವು ಹೊಡೆದ ಗೋಲು ಹದಿನೆಂಟು, ನಮಗೆ ಬಿದ್ದವು ನಲವತ್ತೊಂದು. ಮೈನಸ್ ಇಪ್ಪತ್ತಮೂರು. ತಂಡದಲ್ಲೇ ಎಲ್ಲರಿಗಿಂತ ಕೆಳಗೆ. ನನ್ನದು ಮೈನಸ್ ಮೂರು. ಆ ಹಾಳೆಯ ಪ್ರಕಾರ ನಾನು ಅವರಿಗಿಂತ ಒಳ್ಳೆಯ ಆಟಗಾರ. ನನಗೆ ಅದು ವಿಚಿತ್ರ ಎನಿಸಬೇಕಿತ್ತು. ಎನಿಸಲಿಲ್ಲ. ಹಾಳೆ ಚೆನ್ನಾಗಿ ಬಂದಿದೆ ಎಂಬ ಖುಷಿಯಲ್ಲಿದ್ದೆ.

ಆ ಬೆಳಿಗ್ಗೆ ಅಡುಗೆಮನೆಯ ಮೇಜಿನ ಮೇಲೆ ಅವರಿಗೂ ತೋರಿಸಿದೆ. ನೀರ್ ದೋಸೆ ಮುರಿಯುತ್ತಿದ್ದವರು ಕೈ ಒರೆಸಿಕೊಂಡು ಹಾಳೆಯನ್ನು ಬಹಳ ಹೊತ್ತು ನೋಡಿದರು.

“ಗೆರೆ ಬಹಳ ನೇರವಾಗಿದೆ ಪ್ರೊಫೆಸರ್. ಗ್ರೂಪಿಗೆ ಹಾಕಿದೆಯಾ?”

“ಆಗಲೇ ಹಾಕಿದೆ.”

“ಸರಿ,” ಎಂದು ಮತ್ತೆ ದೋಸೆಗೆ ಕೈ ಹಾಕಿದರು.

ಹನ್ನೊಂದು ದಿನದ ನಂತರ ಕಮಿಟಿಯ ಸಭೆ. ಕರಾರು ಮುಂದುವರಿಸುವುದಿಲ್ಲ ಎಂದು ಅವರಿಗೆ ಬಂದ ಪತ್ರದ ಜೊತೆ ನನ್ನ ಹಾಳೆಯ ಪ್ರತಿ ಇತ್ತು. ಅವರ ಸಾಲಿಗೆ ಯಾರೋ ಹಳದಿ ಬಣ್ಣ ಬಳಿದಿದ್ದರು. ಪಾಸ್ ರದ್ದಾಯಿತು. ಕಪಾಟಿನ ಮೇಲಿಂದ ಸೂಟ್‌ಕೇಸ್ ಇಳಿಸಲು ನಾನೇ ಕೈ ಕೊಟ್ಟೆ. ಹೊರಡುವ ದಿನ ಆಂಟಿ ಮಾವಿನ ಮಿಡಿ ಉಪ್ಪಿನಕಾಯಿಯ ಬಾಟಲಿಯನ್ನು ಮೂರು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಕೊಟ್ಟರು. ಕೋಲಿಗೆ ಸುತ್ತಿ ಉಳಿದ ಟೇಪನ್ನು ಕೋಚ್ ಮಾಪಿನ ಹಿಡಿಗೆ ಸುತ್ತಿದರು. ಕೆಳಗೆ, ಕಟ್ಟಡದ ಬುಡದ ತೆರೆದ ಜಾಗ ವಾಯ್ಡ್ ಡೆಕ್ಕಿನಲ್ಲಿ ಟ್ಯಾಕ್ಸಿ ಕಾಯುವಾಗ ಏನೋ ಹೇಳಿದರು, ಅದೊಂದನ್ನು ಮಾತ್ರ ನಾನು ಬರೆದಿಟ್ಟುಕೊಂಡಿಲ್ಲ...

ಆರು ತಿಂಗಳ ನಂತರ, ಪಂದ್ಯದ ಸ್ಕೋರ್ ಬರೆಯುವವರಿಗೆ ಒಂದು ಗಂಟೆಯ ತರಬೇತಿ ಇತ್ತು. ಹೋಗಿದ್ದೆ. ಎರಡನೇ ಸ್ಲೈಡ್ ನೋಡಿ ಪೆನ್ನು ಕೆಳಗಿಟ್ಟೆ. ಈ ಆಟದಲ್ಲಿ ತಪ್ಪು ಮಾಡಿದವನು ಎರಡು ನಿಮಿಷ ಪೆನಾಲ್ಟಿ ಬಾಕ್ಸಿನಲ್ಲಿ ಕೂರಬೇಕು, ಅಷ್ಟು ಹೊತ್ತು ತಂಡ ನಾಲ್ಕೇ ಜನರೊಂದಿಗೆ ಆಡಬೇಕು. ಹಾಗೆ ಒಬ್ಬ ಕಡಿಮೆ ಇರುವಾಗ ಬಿದ್ದ ಗೋಲಿಗೆ ಯಾರಿಗೂ ಮೈನಸ್ ಇಲ್ಲ, ಹೊಡೆದವರಿಗೆ ಪ್ಲಸ್ಸೂ ಇಲ್ಲ. ನಾನು ಎಲ್ಲಕ್ಕೂ ಹಾಕಿದ್ದೆ.

ಮನೆಗೆ ಬಂದು ಹಳೆಯ ಪುಸ್ತಕ ತೆಗೆದೆ. ನಮ್ಮವರು ಒಬ್ಬರು ಕಡಿಮೆಯಾದಾಗಲೆಲ್ಲ ಕೋಚ್ ಅಂಗಳಕ್ಕೆ ಇಳಿಯುತ್ತಿದ್ದರು. ಎರಡು ನಿಮಿಷವೂ ಹೊರಗೆ ಬರುತ್ತಿರಲಿಲ್ಲ. ಎದುರಾಳಿಗಳು ಕಡಿಮೆಯಾದಾಗ, ಗೋಲು ಹೊಡೆಯುವುದು ಸುಲಭವಿರುವಾಗ, ತಾವು ಬೆಂಚಿಗೆ ಬಂದು ನಮ್ಮಂಥವರನ್ನು ಕಳಿಸುತ್ತಿದ್ದರು. ಆ ನಲವತ್ತೊಂದರಲ್ಲಿ ಇಪ್ಪತ್ತೇಳು ಲೆಕ್ಕಕ್ಕೇ ಬರುವಂತಿರಲಿಲ್ಲ. ಉಳಿದದ್ದು ಹದಿನಾಲ್ಕು. ಹದಿನೆಂಟರಲ್ಲಿ ಹದಿನಾಲ್ಕು ಹೋದರೆ ಪ್ಲಸ್ ನಾಲ್ಕು. ತಂಡದಲ್ಲಿ ಸೊನ್ನೆಗಿಂತ ಮೇಲಿದ್ದವರು ಅವರೊಬ್ಬರೇ.

ಆ ಇಪ್ಪತ್ತೇಳರಲ್ಲಿ ಹನ್ನೊಂದು ಗೋಲು ಬಿದ್ದಾಗ ಬಾಕ್ಸಿನಲ್ಲಿ ಕೂತಿದ್ದವನು ನಾನು. ಬೀಳುವಾಗ ಎದುರಿನವರ ಕಾಲಿಗೆ ಕೋಲು ಸಿಕ್ಕಿಸಿ ಅವರನ್ನೂ ಬೀಳಿಸುವುದು ನನಗೆ ಅಭ್ಯಾಸವಾಗಿಹೋಗಿತ್ತು.

ಹೊಸ ಹಾಳೆ ಹಿಡಿದು ಕಾರ್ಯದರ್ಶಿಯ ಬಳಿ ಹೋದೆ. ಆಫೀಸಿನ ಪ್ಯಾಂಟ್ರಿಯಲ್ಲಿ ಕಾಫಿ ಕಲಕುತ್ತಿದ್ದರು.

“ಈ ರೂಲ್ ನಿಮಗೆ ಗೊತ್ತಿತ್ತಾ?”

“ಗೊತ್ತಿಲ್ದೆ ಏನು ಗುರು, ಚಿಕ್ಕ ವಯಸ್ಸಿಂದ ಆಡಿದೀನಿ.”

“ಮತ್ತೆ ಯಾಕೆ ಹೇಳ್ಲಿಲ್ಲ?”

“ನೋಡು, ಯಂಗ್ ಕೋಚ್ ಬೇಕಿತ್ತು, ಡಿಸೈಡ್ ಆಗಿತ್ತು. ಕಮಿಟಿಗೆ ಏನಾದ್ರೂ ಒಂದು ಪೇಪರ್ ತೋರಿಸ್ಬೇಕಲ್ಲ. ನಿನ್ನ ಶೀಟ್ ನೀಟಾಗಿತ್ತು, ಯೂಸ್ ಮಾಡಿದ್ವಿ. ನೀನು ಪರ್ಸನಲ್ ಆಗಿ ತಗೋಬೇಡ.”

ಅದನ್ನು ಹಾಗೇ ಬರೆದುಕೊಂಡಿದ್ದೇನೆ, ಒಂದು ಪದವನ್ನೂ ಬದಲಿಸದೆ. ಅಂದೇ ತಂಡ ಬಿಟ್ಟೆ. ಯಾರೂ ಯಾಕೆಂದು ಕೇಳಲಿಲ್ಲ. ಸರಿಯಾದ ಹಾಳೆಯನ್ನು ಗ್ರೂಪಿಗೆ ಹಾಕಿದ್ದಕ್ಕೆ ಒಬ್ಬರು ಹೆಬ್ಬೆರಳು ಎತ್ತಿದ ಚಿತ್ರ ಕಳಿಸಿದರು. ಅಷ್ಟೇ ಉತ್ತರ.

ಕೋಚ್ ಮೇಲೂ ಸಿಟ್ಟಿದೆ ನನಗೆ. ಹದಿನೇಳು ವರ್ಷ ಈ ಆಟದಲ್ಲಿ ಬದುಕಿದವರು, ತಪ್ಪು ಕಾಣದೇ ಇರುತ್ತದೆಯೇ? ಆ ಮೇಜಿನ ಮುಂದೆ ಒಂದು ಮಾತು ಹೇಳಿದ್ದರೆ ಸಾಕಿತ್ತು, ಅಲ್ಲೇ ತಿದ್ದುತ್ತಿದ್ದೆ. ಇದನ್ನು ಆಂಟಿಗೆ ಹೇಳಿದಾಗ ಅವರು ಅಕ್ಕಿ ಆರಿಸುವುದನ್ನು ನಿಲ್ಲಿಸದೆ ಅಂದರು, “ಹೇಳಿದ್ರೆ ಬಾಕ್ಸಲ್ಲಿ ಯಾರು ಕೂತಿದ್ರು ಅಂತ ಎಲ್ರೂ ಕೇಳ್ತಿದ್ರಲ್ಲ ಮಾರಾಯ.”

ನನ್ನನ್ನು ಕಾಪಾಡಿ ಎಂದು ನಾನು ಕೇಳಿರಲಿಲ್ಲ...

ಈಗ 11.05. ಮಾಪ್ ಗೋಡೆಗೆ ಒರಗಿದೆ. ಬಿಚ್ಚಿದ ಟೇಪನ್ನು ಮತ್ತೆ ಸುತ್ತಲು ನೋಡಿದೆ, ಅವರ ಗಂಟು ನನಗೆ ಬರಲಿಲ್ಲ. ಪಕ್ಕದ ಕೋಣೆಯಲ್ಲಿ ಈಗ ಬೇರೆಯವರಿದ್ದಾರೆ. ಕೋಚ್ ಅವರ ಹಳೆಯ ನಂಬರಿಗೆ ನಾಲ್ಕು ಸಲ ಹಾಳೆ ಕಳಿಸಿದೆ, ನಾಲ್ಕೂ ತಲುಪಿಲ್ಲ.

ಇದನ್ನು ಓದುವವರು ಬೇರೆ ಬೇರೆ ದೇಶಗಳಲ್ಲಿದ್ದೀರಿ. ನಿಮ್ಮ ಊರಿನ ಐಸ್ ರಿಂಕಿನಲ್ಲಿ, ಎಡಗೈಯ ತೋರುಬೆರಳು ಪೂರ್ತಿ ಮಡಚಲಾಗದ, ಎಲ್ಲರಿಗೂ ಒಂದೊಂದು ಅಡ್ಡಹೆಸರಿಡುವ, ಐವತ್ತರ ಹತ್ತಿರದ ಡಿಫೆನ್ಸ್ ಕೋಚ್ ಒಬ್ಬರು ಕಂಡರೆ, ಅಥವಾ ಅಂಥವರ ಸುದ್ದಿ ಗೊತ್ತಿದ್ದರೆ, ದಯವಿಟ್ಟು ಈ ಪತ್ರಿಕೆಗೆ ಬರೆಯಿರಿ. ಪ್ಲಸ್ ನಾಲ್ಕು ಎಂಬುದು ಅವರಿಗೆ ಆಗಲೇ ಗೊತ್ತಿತ್ತು. ನನಗೂ ಗೊತ್ತಾಗಿದೆ ಎಂದು ಅವರಿಗೆ ತಿಳಿಸಬೇಕು.