ಬೇಡಿ ತೊಡಿಸಲಾರೆ ಎಂದ ಕಮ್ಮಾರ

ಬೆಳಗಿನ ಐದೂವರೆ. ಮದಕರಿಪುರದ ಮೂಡಲಗಿರಿಯಪ್ಪನವರ ಕುಲುಮೆಯಲ್ಲಿ ಆಗಲೇ ಕೆಂಡ ಕೆಂಪಾಗಿದೆ. ಹೆಂಡತಿ ಹುಲಿಗೆಮ್ಮ ತಿದಿ ಒತ್ತುತ್ತಾರೆ, ಇವರು ನೇಗಿಲಿನ ಸವೆದ ಕುಳ ಕಾಯಿಸಿ ತಟ್ಟುತ್ತಾರೆ. ಬಿತ್ತನೆಯ ಕಾಲ, ಹೊತ್ತೇರುವುದರೊಳಗೆ ಹದಿನೈದು ಕುಳಗಳಿಗೆ ಮೊನೆ ಬರಬೇಕು. "ಕುಂತ್ಕಳ್ರಿ, ಇದೊಂದು ತಣ್ಣಗಾಗ್ಲಿ," ಎನ್ನುತ್ತಾರೆ. ಕುಳ ನೀರಿಗೆ ಬಿದ್ದು ಚುಂಯ್ ಎಂದ ಮೇಲೇ ಮಾತು.

ಐವತ್ತೆರಡರ ಈ ಕಮ್ಮಾರರ ಹೆಸರು ಊರಾಚೆ ಯಾರಿಗೂ ಗೊತ್ತಿಲ್ಲ. ಆದರೆ ಜಿಲ್ಲೆಯ ಒಂದು ಜೈಲಿನಲ್ಲಿ ಎರಡು ವರ್ಷದಿಂದ ಯಾವ ಕೈದಿಯ ಕಾಲಲ್ಲೂ ಬೇಡಿಯಿಲ್ಲ. ಅದರ ಹಿಂದೆ ಇವರಿದ್ದಾರೆ. ಯಾವ ಜೈಲೆಂದು ಬರೆಯಬಾರದೆಂಬುದು ಇವರದೇ ಷರತ್ತು. "ಅಲ್ಲಿ ಕೆಲ್ಸ ಮಾಡೋರೂ ಹೆಂಡ್ರು ಮಕ್ಕಳು ಇರೋರೇ. ತಪ್ಪು ಮಾಡ್ದೋರಲ್ಲಿ ನಾನೂ ಒಬ್ಬ."

ಹನ್ನೊಂದು ವರ್ಷ ಆ ಜೈಲಿನಲ್ಲಿ ಬೇಡಿ ತೊಡಿಸುತ್ತಿದ್ದವರು ಇವರೇ. ನಿಯಮ ಮುರಿದ ಕೈದಿಗೆ ಅದು ಶಿಕ್ಷೆ: ಎರಡು ಕಾಲಿಗೂ ಕಬ್ಬಿಣದ ಬಳೆ, ಒಂದೊಂದು ಬಳೆಯಿಂದ ಸೊಂಟದವರೆಗೆ ಒಂದೊಂದು ಸರಳು. ಬಳೆಯ ಬಾಯಿಗೆ ಮೊಳೆ ಹಾಕಿ ಬಡಿದು ಮುಚ್ಚಿದರೆ ಮತ್ತೆ ಕಮ್ಮಾರನೇ ಬಂದು ಕೊಯ್ಯಬೇಕು. ಮೂರು ಕಿಲೋ ಭಾರ. ಎಷ್ಟು ಜನಕ್ಕೆ ತೊಡಿಸಿದಿರಿ ಎಂದರೆ ತಡವರಿಸದೆ "ಅರವತ್ತಮೂರು" ಎನ್ನುತ್ತಾರೆ. "ನಮ್ಮಪ್ಪ ಮಾಡ್ತಿದ್ದ, ನಾನೂ ಮಾಡ್ದೆ. ಕಬ್ಬಿಣ ಕಾಣ್ತಿತ್ತು, ಕಾಲು ಕಾಣ್ತಿರ್ಲಿಲ್ಲ."

ಕಾಲು ಕಂಡದ್ದು ಮೂರು ವರ್ಷದ ಹಿಂದೆ, 1977ರ ಬೇಸಿಗೆಯಲ್ಲಿ. ಜವನಗೊಂಡನಹಳ್ಳಿ ಕಡೆಯ ಕುರಿಗಾಹಿ ಎತ್ತಪ್ಪ ಮೇವಿನ ಜಗಳದಲ್ಲಿ ಒಬ್ಬನ ಕೈ ಮುರಿದು ಜೈಲು ಸೇರಿದ್ದ. ತಾಯಿಗೆ ಹುಷಾರಿಲ್ಲವೆಂದು ಕೇಳಿ ಗೋಡೆ ಹತ್ತಲು ಹೋಗಿ ಸಿಕ್ಕಿಬಿದ್ದ. ಶಿಕ್ಷೆ ಮುಗಿಯುವ ತನಕ ಬೇಡಿ ಎಂದಾಯಿತು. ತೊಡಿಸಿದವರು ಮೂಡಲಗಿರಿಯಪ್ಪ. ಎರಡು ತಿಂಗಳ ಮೇಲೆ, ಚೇತರಿಸಿಕೊಂಡ ಆ ತಾಯಿ ಪಾಲಮ್ಮ ಕುಲುಮೆ ಹುಡುಕಿಕೊಂಡು ಬಂದರು. ಬೈಯಲಿಲ್ಲ, ಅಳಲಿಲ್ಲ.

"ಅಣ್ಣಾ, ನೀನೇ ಹಾಕ್ದೋನಂತೆ. ನನ್ ಮಗ ಮಗ್ಗಲು ತಿರುಗಿ ಮುದುರ್ಕಂಡು ಮಲಗೋನು. ಈಗ ಹೆಂಗೆ ಮಲಗ್ತಾನೆ? ಹೊರಕಡೆಗೆ ಹೆಂಗೆ ಕೂರ್ತಾನೆ?"

"ನಂಗೊತ್ತಿಲ್ಲವ್ವಾ."

ತಾವೇ ಕೊಟ್ಟ ಆ ಉತ್ತರ ಮೂಡಲಗಿರಿಯಪ್ಪನವರನ್ನು ಬಿಡಲಿಲ್ಲ. ಮರುದಿನ ಒಂದು ಜೊತೆ ಬೇಡಿಯನ್ನು ತಮ್ಮ ಕಾಲಿಗೇ ಇಟ್ಟು, ಹುಲಿಗೆಮ್ಮನವರಿಂದ ಮೊಳೆ ಬಡಿಸಿಕೊಂಡರು. ಕಾಲು ಮಡಿಸುವಂತಿಲ್ಲ, ಮಗ್ಗಲಾಗುವಂತಿಲ್ಲ. ಬಳೆ ಉಜ್ಜಿ ಉಜ್ಜಿ ಗಿಣ್ಣಿನ ಚರ್ಮ ಕಿತ್ತು ಬಂತು. "ಮೂರನೇ ದಿನ ನಮ್ಮೋರು ಅತ್ಬಿಟ್ರು," ಎನ್ನುತ್ತಾರೆ ಹುಲಿಗೆಮ್ಮ, ತಿದಿ ನಿಲ್ಲಿಸದೆ. "ನಾನೇ ಉಳಿ ಇಟ್ಟು ಕೊಯ್ದೆ."

ಮುಂದಿನ ಸಲ ಜೈಲಿನಿಂದ ಕರೆ ಬಂದಾಗ "ತೊಡಿಸಾಕಾಗಲ್ಲ ಸ್ವಾಮಿ" ಎಂದರು. ಅಲ್ಲಿಂದ ಜೈಲಿನ ಕೆಲಸ ನಿಂತಿತು, ಉಳಿದ ಕಚೇರಿಗಳ ಗೇಟು ಕಿಟಕಿಯ ಕೆಲಸವೂ ಕೈತಪ್ಪಿತು. ಎತ್ತಪ್ಪನಿಂದ ಪೆಟ್ಟು ತಿಂದವನ ಅಣ್ಣ ಬಂದು, "ನನ್ ತಮ್ಮನ ಕೈಗೆ ಯಾರು ದಿಕ್ಕು?" ಎಂದು ಜಗಳ ತೆಗೆದ. ಅದನ್ನು ನೆನೆದು ಇವರು ಹೇಳುತ್ತಾರೆ: "ಅವನ ಸಿಟ್ಟು ಸುಳ್ಳಲ್ಲ. ಕೈ ಮುರಿದಿದ್ದಕ್ಕೆ ಜೈಲು ಆತು, ಅದು ಸರಿ. ಮನುಷ್ಯನ್ನ ಮಲಗೋಕೂ ಬಿಡದಂಗೆ ಮಾಡೋದು ಬ್ಯಾರೆ ಮಾತು."

ಚಿತ್ರದುರ್ಗದ ವಕೀಲ ಪಂಚಾಕ್ಷರಪ್ಪ ಪಾಲಮ್ಮನ ಪರವಾಗಿ ಜಿಲ್ಲಾ ನ್ಯಾಯಾಧೀಶರಿಗೆ ಅರ್ಜಿ ಕೊಟ್ಟರು. ಯಾರಿಗೂ ಕ್ರೂರವಾದ, ಅಮಾನುಷವಾದ ಶಿಕ್ಷೆ ಕೊಡಕೂಡದೆಂದು 1948ರಲ್ಲೇ ವಿಶ್ವಸಂಸ್ಥೆ ಸಾರಿದೆ, ಆಮೇಲೆ ಜಿನೀವಾದಲ್ಲಿ ಹಲವು ದೇಶಗಳು ಸೇರಿ ಒಪ್ಪಿದ ಜೈಲು ನಿಯಮಗಳಲ್ಲಂತೂ ಬೇಡಿಯನ್ನು ಶಿಕ್ಷೆಯಾಗಿ ಬಳಸಬಾರದೆಂದೇ ಇದೆ ಎಂದು ವಾದಿಸಿದರು. "ಜಿನೀವಾದ ಕಾಗದ ಚಿತ್ರದುರ್ಗಕ್ಕೆ ಕಾನೂನಾಗದು, ನಮ್ಮ ಜೈಲು ಕೈಪಿಡಿಯಲ್ಲಿ ಬೇಡಿಗೆ ಅವಕಾಶವಿದೆ," ಎಂದರು ಸರ್ಕಾರಿ ವಕೀಲರು. ನ್ಯಾಯಾಧೀಶರು ಕೇಳಿದ್ದು ಒಂದೇ: ಇದು ಕ್ರೂರವೆಂದು ಹೇಳುವವರು ಯಾರು?

ಮೂಡಲಗಿರಿಯಪ್ಪ ಸಾಕ್ಷಿ ಕಟ್ಟೆ ಹತ್ತಿದರು. ತಮ್ಮ ಕೈಯಾರೆ ಮಾಡಿದ ಬೇಡಿಯನ್ನು ಮೇಜಿನ ಮೇಲಿಟ್ಟು, ಪಂಚೆ ಎತ್ತಿ ಗಿಣ್ಣಿನ ಕಲೆ ತೋರಿಸಿದರು. "ಆ ದೇಶದೋರು ಬರ್ದಿದ್ದು ಓದೋಕೆ ನಂಗೆ ಬರಲ್ಲ. ತೊಡಿಸ್ದೋನೂ ನಾನೇ, ತೊಟ್ಟೋನೂ ನಾನೇ ಸ್ವಾಮಿ."

ಒಂದೇ ವಾರದಲ್ಲಿ ನ್ಯಾಯಾಧೀಶರು ಜೈಲಿಗೆ ಹೋಗಿ ಎತ್ತಪ್ಪನ ಕಾಲು ನೋಡಿದರು. ಎಲ್ಲರ ಬೇಡಿಯನ್ನೂ ಕೊಯ್ಯಿರೆಂದು ಆಜ್ಞೆಯಾಯಿತು. ಕೊಯ್ಯಲು ಕಮ್ಮಾರ ಬೇಕಲ್ಲ, ಜೈಲಿನವರು ಇವರನ್ನೇ ಕರೆಸಿದರು. ಬೆಳಗಿನಿಂದ ಮಧ್ಯಾಹ್ನದವರೆಗೆ ಹನ್ನೆರಡು ಜನರ ಬೇಡಿ ಬಿತ್ತು. "ಎತ್ತಪ್ಪನಿಗೆ ಏಳಪ್ಪಾ ಅಂದೆ, ಎದ್ದ. ನಡಿ ಅಂದೆ. ಕಬ್ಬಿಣ ಬಿದ್ದೋಗೈತೆ, ಆದ್ರೂ ಗೇಣು ಗೇಣು ಹೆಜ್ಜೆ ಇಡ್ತಾನೆ. ಅದನ್ನ ಕೊಯ್ಯೋ ಉಳಿ ನನ್ನತ್ರ ಎಲ್ಲೈತೆ ಹೇಳ್ರಿ?"

ಹೋದ ವರ್ಷ ಎತ್ತಪ್ಪನ ಬಿಡುಗಡೆಯಾಯಿತು. ಕಚೇರಿಗಳ ಕೆಲಸ ಮಾತ್ರ ಕುಲುಮೆಗೆ ಮರಳಿ ಬಂದಿಲ್ಲ. ಅದರ ಬೇಸರವೇನಾದರೂ ಇದೆಯೇ ಎಂದು ಕೇಳುತ್ತೇನೆ. ಮೂಡಲಗಿರಿಯಪ್ಪ ತಲೆಯಾಡಿಸಿ ಬೇರೇನೋ ಹೇಳುತ್ತಾರೆ.

"ಮೊನ್ನೆ ಎತ್ತಪ್ಪನ ಮಂದೆ ಈ ದಾರೀಲಿ ಹಾದು ಹೋತು. ಒಂದು ಟಗರು ತಪ್ಪಿಸ್ಕಂಡು ಯಾರದೋ ಹೊಲಕ್ಕೆ ನುಗ್ತು. ಎತ್ತಪ್ಪ ಅದರ ಹಿಂದೆ ಓಡ್ದ. ಉದ್ದುದ್ದ ಹೆಜ್ಜೆ ಹಾಕಿ ಓಡ್ದ ಕಣ್ರಿ. ಅವನು ಅದನ್ನ ಹಿಡಿಯೋತಂಕ ನಾನು ನಿಂತು ನೋಡ್ದೆ."