ಕಂಬಳಿಯೊಳಗಿನ ನೀಲಿ ಬೆಳಕು

1998ರಲ್ಲಿ, ಏಳನೇ ತರಗತಿ ಮುಗಿಸಿ ಓದು ನಿಲ್ಲಿಸಿದೆ. ಫೇಲಾಗಿ ಅಲ್ಲ; ಲೆಕ್ಕದಲ್ಲಿ ನನ್ನನ್ನು ಮೀರಿಸುವವರು ಕುರುಗೋಡಿನ ನಮ್ಮ ಸಾಲಿಯಲ್ಲಿ ಇರಲಿಲ್ಲ. ಮನೆಗೆ ದುಡಿಯುವ ಕೈ ಬೇಕಿತ್ತು. ಬಳ್ಳಾರಿಯಲ್ಲಿ ಒಡವೆಗೆ ಹರಳು ಕೂರಿಸುತ್ತಿದ್ದ ಸೋದರಮಾವನ ಅಂಗಡಿ ಸೇರಿದೆ.

ಆಗೆಲ್ಲ ಹರಳು ಪರೀಕ್ಷೆಗೆ ಮಾವನ ಹತ್ತಿರ ಒಂದು ನೇರಳಾತೀತ ದೀಪವಿತ್ತು. ಅದಕ್ಕೆ ಕತ್ತಲು ಬೇಕು. ಹಾಗಾಗಿ ಏಪ್ರಿಲ್‌ನ ಮಟಮಟ ಮಧ್ಯಾಹ್ನ ಕುರಿಕಂಬಳಿ ಹೊದ್ದು ಕೂರುತ್ತಿದ್ದೆವು. ಉಣ್ಣೆಯ ವಾಸನೆ, ಬೆವರು, ಮಾವನ ಬಾಯಿಯ ಎಲೆಅಡಿಕೆಯ ಘಮ. ದೀಪ ಹಿಡಿದರೆ ಮಾಣಿಕ್ಯ ಒಲೆಯ ಕೆಂಡದಂತೆ ಉರಿಯುತ್ತಿತ್ತು. ಕೆಲವು ವಜ್ರ ನೀಲಿಯಾಗಿ ಹೊಳೆಯುತ್ತಿದ್ದವು, ಕೆಲವು ಇಲ್ಲ.

"ದೀಪ ಒಂದನ್ನ ನಂಬಬ್ಯಾಡ ಅಳಿಯಾ" ಅನ್ನುತ್ತಿದ್ದ ಮಾವ.

ಒಂದು ದಿನ ಮಾವ ಚಹಾಕ್ಕೆ ಹೋಗಿದ್ದಾಗ ಊರಿನಿಂದ ಅಜ್ಜಿ, ಅಂದರೆ ಮಾವನ ತಾಯಿ, ಬಸ್ಸಿಳಿದು ಬಂದಳು. ಸೆರಗಿನ ಗಂಟಿನಲ್ಲಿ ಏಳು ಹರಳಿನ ಬೆಂಡೋಲೆ. ಮದುವೆಯಾದ ವರ್ಷ ತಾತ ಸಿರುಗುಪ್ಪದಲ್ಲಿ ಭತ್ತ ಮಾರಿ, ವಜ್ರವೆಂದು ನಂಬಿ ತಂದದ್ದು.

"ಪಕ್ಕದ ಮನ್ಯಾಕಿ ಗಾಜು ಅಂತ ನಗ್ತಾಳಪಾ. ನಿಮ್ಮ ತಾತಗ ಹೇಳಿಲ್ಲ. ಖರೆ ಏನೈತಿ ನೋಡು."

ಕಂಬಳಿ ಹೊದ್ದು ದೀಪ ಹಿಡಿದೆ. ಎಲ್ಲವೂ ನೀಲಿ.

"ವಜ್ರ ಐತಿ ಅಜ್ಜಿ."

ಅಜ್ಜಿಯ ಮುಖ ಅರಳಿತು. ಅಷ್ಟರಲ್ಲಿ ಬಂದ ಮಾವ ಕಂಬಳಿಯೊಳಗೆ ಇಣುಕಿ ನೋಡಿ, ಹರಳಿಗಿಂತ ಅದರ ಸುತ್ತಲ ಸಂದಿಯೇ ಹೆಚ್ಚು ಹೊಳೆಯುವುದನ್ನು ಕಂಡ.

"ಎದರಾಗ ತೊಳದಿ ಯವ್ವಾ?"

"ಬಟ್ಟಿ ಸಬ್ಬಿನಪುಡ್ಯಾಗ. ಪರೀಕ್ಷಾಕ್ಕ ಬರೋದು, ಹೊಲಸು ಯಾಕ ತರಬೇಕು?"

ಮಾವ ಬರೀ ನೀರಲ್ಲಿ ಬ್ರಷ್ಷಿನಿಂದ ಉಜ್ಜಿ ತೊಳೆದ. ನೀಲಿ ಹೋಯಿತು. ಹರಳಿನ ಮೇಲೆ ಉಸಿರು ಬಿಟ್ಟ. ವಜ್ರವಾದರೆ ಮಂಜು ಆ ಕ್ಷಣವೇ ಆರಬೇಕು. ಆರಲಿಲ್ಲ.

"ನೀ ಕಂಡಿದ್ದು ಸಬ್ಬಿನಪುಡಿ, ಅಳಿಯಾ. ಅದೂ ಈ ದೀಪಕ್ಕ ನೀಲಿ ಹೊಳೀತೈತಿ."

ಕಿವಿ ಬಿಸಿಯಾಗಿ ತಲೆ ತಗ್ಗಿಸಿದೆ. ಅಜ್ಜಿ ಬೆಂಡೋಲೆ ಮತ್ತೆ ಕಿವಿಗೆ ಹಾಕಿಕೊಂಡಳು.

"ಪಕ್ಕದಾಕಿ ನಗಲಿ ಬಿಡು. ನಿಮ್ಮ ತಾತಗ ಮಾತ್ರ ಹೇಳಬ್ಯಾಡ್ರಿ."

ಆ ಭಾನುವಾರ ಊರಿಗೆ ಹೋದೆ. ಕಟ್ಟೆಯ ಮೇಲೆ ಕೂತಿದ್ದ ತಾತ ಬೀಡಿ ಆರಿಸಿ ಕೇಳಿದ: "ನಿಮ್ಮ ಅಜ್ಜಿ ಬಳ್ಳಾರಿಗೆ ಯಾಕ ಹೋಗಿದ್ಲು ಅಂತ ಗೊತ್ತಲೇ ನನಗ. ದೀಪದಾಗ ಏನು ಕಂಡ್ತು?"

"ನೀಲಿ ಹೊಳೀತು ತಾತಾ."

ತಾತ ಆರಿಸಿದ ಬೀಡಿಯನ್ನೇ ಮತ್ತೆ ಹಚ್ಚಿದ.

ಈಗ ತಾತ ಇಲ್ಲ, ಅಜ್ಜಿ ಇಲ್ಲ, ಮಾವನೂ ಇಲ್ಲ. ನನ್ನ ದುಡಿಮೆಯ ಅಂಗಡಿ ಒಂದು, ದೀಪ ಮೂರು, ತೂತುಬಿದ್ದ ಕಂಬಳಿ ಒಂದು. ಅಜ್ಜಿಯ ಬೆಂಡೋಲೆ ಒಂದು ಜೊತೆ. ಹರಳು ಹದಿನಾಲ್ಕು, ಹದಿನಾಲ್ಕೂ ಗಾಜು.